ಎರಡು ಗಾಲಿ, ಒಂದು ಗೆರೆ

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಕೇಳದವರಿಲ್ಲ. ಗೊಳಸಂಗಿಯ ಕಡೆಯ ರೈತನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ಗಾಲಿಗಳಿಗೂ ಈ ಮಾತು ಸಲ್ಲುವುದು. ಊರ ಹಿಟ್ಟಿನ ಗಿರಣಿಯ ಪಟ್ಟಾ ಜಾರಿದರೆ ರೊಟ್ಟಿ ಒಂದಿಷ್ಟು ತಡವಾದೀತು, ಅಷ್ಟೆ. ಕಡಲ ನಡುವೆ ದೋಣಿಯ ಪಟ್ಟಾ ಹರಿದರೆ ಹಾಗಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಮಲ್ಪೆ, ಮಂಗಳೂರುಗಳಲ್ಲಿ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಲು ಇದೇ ತಕ್ಕ ಕಾಲ. ಹಾಗೆ ಜೋಡಿಸುವಾಗ ಕ್ರ್ಯಾಂಕಿನ ಗಾಲಿಯನ್ನೂ ಆಲ್ಟರ್ನೇಟರಿನ ಗಾಲಿಯನ್ನೂ ಒಂದೇ ಗೆರೆಗೆ ತರುವುದು ಸಣ್ಣ ಕೆಲಸವೆಂದು ತೋರೀತು. ಆದರೆ ಬ್ಯಾಟರಿಯನ್ನು ತುಂಬುವುದು ಆಲ್ಟರ್ನೇಟರು. ಅನೇಕ ಎಂಜಿನ್ನುಗಳಲ್ಲಿ ತಂಪು ನೀರಿನ ಪಂಪನ್ನು ತಿರುಗಿಸುವುದೂ ಅದೇ ಪಟ್ಟಾ. ಅದು ಹರಿದರೆ ದೀಪ, ವೈರ್‌ಲೆಸ್ಸುಗಳಿಗೆ ಬ್ಯಾಟರಿಯಲ್ಲಿ ಉಳಿದಷ್ಟೇ ಆಯುಷ್ಯ. ಎಂಜಿನ್ನು ಕಾದು ನಿಲ್ಲುವುದು.

ಗಿರಣಿಯ ಅಗಲ ಪಟ್ಟಾ ಓಡುವ ಗಾಲಿ ನಡುವೆ ತುಸು ಉಬ್ಬಿರುತ್ತದೆ. ಸಣ್ಣ ಓರೆಯಿದ್ದರೂ ಪಟ್ಟಾ ತಾನಾಗಿ ನಡುವಿಗೆ ಬರುತ್ತದೆ. ಎಂಜಿನ್ನಿನ ವಿ-ಬೆಲ್ಟಿಗೆ ಆ ಅನುಕೂಲವಿಲ್ಲ. ಅದು ಹರಳಿಯ ಇಕ್ಕೆಲಗಳನ್ನು ಒತ್ತಿ ಹಿಡಿದು ಓಡುವಂಥದು. ಗಾಲಿ ಓರೆಯಾದರೆ ಒಂದು ಬದಿ ಸವೆಯುವುದು, ಕಪ್ಪು ಪುಡಿ ಉದುರುವುದು, ಕಿರುಗುಟ್ಟುವುದು, ಬೇರಿಂಗು ಕಾಯುವುದು.

ಪರೀಕ್ಷೆಗೆ ಗೌಂಡಿ ಹಿಡಿಯುವಂಥ ಒಂದು ದಾರ ಸಾಕು. ಎಂಜಿನ್ನನ್ನು ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ಬಿಚ್ಚಿರಿ. ಕೈಯಿಂದ ಗಾಲಿಗಳನ್ನು ತಿರುಗಿಸಿ, ಓಲಾಡುತ್ತವೆಯೇ ನೋಡಿರಿ. ಓಲಾಡುವ ಗಾಲಿಯನ್ನು ಮೊದಲು ಸರಿಪಡಿಸಬೇಕು. ಬಳಿಕ ಎರಡೂ ಗಾಲಿಗಳ ಮುಖಕ್ಕೆ ತಗಲುವಂತೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಒಂದೊಂದು ಗಾಲಿಯಲ್ಲಿ ಎರಡರಂತೆ ನಾಲ್ಕು ಕಡೆ ಅದು ಮುಟ್ಟಬೇಕು. ಗಾಲಿಗಳ ಅಂಚಿನ ದಪ್ಪ ಬೇರೆಬೇರೆಯಾಗಿದ್ದರೆ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಿರಿ. ಕೂಡಬೇಕಾದದ್ದು ಹರಳಿಯ ನಡುಗೆರೆಯೇ ಹೊರತು ಗಾಲಿಯ ಮುಖವಲ್ಲ.

ದೋಷ ಎರಡು ಬಗೆಯದು. ಆಲ್ಟರ್ನೇಟರಿನ ಗಾಲಿ ನೇರವಾಗಿದ್ದೂ ಹಿಂದೆ ಅಥವಾ ಮುಂದೆ ಸರಿದಿದ್ದರೆ, ಅದರ ಕಿವಿಗೂ ಬ್ರಾಕೆಟ್ಟಿಗೂ ನಡುವೆ ತಕ್ಕ ದಪ್ಪದ ವಾಶರನ್ನು ಹಾಕಿ ಅಥವಾ ತೆಗೆದು ಸರಿದೂಗಿಸಬಹುದು. ಗಾಲಿಯೇ ಓರೆಯಾಗಿ ನಿಂತಿದ್ದರೆ ಬರಿಯ ವಾಶರಿನಿಂದ ಮುಚ್ಚಬೇಡಿರಿ. ಬ್ರಾಕೆಟ್ಟು ಬಾಗಿದೆಯೋ ಬೋಲ್ಟಿನ ತೂತು ಸವೆದಿದೆಯೋ ನೋಡಿ ಅದನ್ನೇ ಸರಿಮಾಡಿರಿ. ಒಂದು ಅಡಿ ದೂರಕ್ಕೆ ಅಂಗುಲದ ಹದಿನಾರನೆಯ ಒಂದು ಪಾಲು, ಎಂದರೆ ಸುಮಾರು ಒಂದೂವರೆ ಮಿಲಿಮೀಟರು, ಇದಕ್ಕಿಂತ ಹೆಚ್ಚಿನ ತಪ್ಪನ್ನು ಒಪ್ಪಬಾರದು.

ಪಟ್ಟಾ ಬಿಗಿದ ಮೇಲೆ ನಡುವೆ ಹೆಬ್ಬೆರಳಿನಿಂದ ಒತ್ತಿರಿ. ಸಾಧಾರಣವಾಗಿ ಅರ್ಧ ಅಂಗುಲ ತಗ್ಗಿದರೆ ಹದ. ಬಿಗಿಯುವಾಗ ಆಲ್ಟರ್ನೇಟರು ಕದಲಿರಬಹುದು. ಆದುದರಿಂದ ದಾರವನ್ನು ಮತ್ತೊಮ್ಮೆ ಹಿಡಿಯಬೇಕು. ಹೊಸ ಪಟ್ಟಾ ಕೆಲವು ಗಂಟೆ ಓಡಿದ ಮೇಲೆ ಸಡಿಲಾಗುವುದು ಸಹಜ. ಆಗ ಪುನಃ ಬಿಗಿಯಿರಿ.

ನಿಮ್ಮ ಮನೆಯಲ್ಲಿ ದೋಣಿಯಿಲ್ಲದಿರಬಹುದು. ಹೊಲದಲ್ಲಿ ಪಟ್ಟಾದಿಂದ ಓಡುವ ಪಂಪು, ಅಂಗಳದಲ್ಲಿ ಹಳೆಯ ಕಾರು ಇದ್ದೀತು. ಪಟ್ಟಾ ಪದೇ ಪದೇ ಹರಿಯುತ್ತಿದ್ದರೆ ಹೊಸದನ್ನು ಕೊಳ್ಳುವ ಮೊದಲು ಒಂದು ದಾರ ಹಿಡಿದು ನೋಡಿರಿ.