ದೊಡ್ಡವರೂ ಚಿಕ್ಕವರೂ ಒಂದೇ ಬಯಲಿನಲ್ಲಿ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)

ಇಂದು ನಾವು ಕೂಲಿಯ ಮಾತನ್ನಾಗಲಿ ಬೋನಸ್ಸಿನ ಮಾತನ್ನಾಗಲಿ ಎತ್ತುವುದಿಲ್ಲ. ಒಂದು ಚೆಂಡಾಟದ ಕತೆಯನ್ನು ಹೇಳಬೇಕೆಂದಿದ್ದೇವೆ. ಪಾಳಿ ಮುಗಿಸಿ ಬಂದವರಿಗೆ, ಅಂಗಡಿಯ ಬಾಗಿಲು ಹಾಕಿ ಬಂದವರಿಗೆ ಆಟದ ಕತೆ ಯಾಕೆ ಎಂದು ನೀವು ಕೇಳಬಹುದು. ಕೊನೆಯವರೆಗೆ ಕೇಳಿರಿ. ಕೂಲಿಯ ಮಾತೂ ಅಂಗಡಿಯ ಮಾತೂ ಅದರೊಳಗೇ ಬರುತ್ತವೆ.

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ನಾವು ಕಾಲಿನಲ್ಲಿ ಆಡುವ ಫುಟ್‌ಬಾಲಿಗೆ ಅವರು ಸಾಕರ್ ಎನ್ನುತ್ತಾರೆ. ಆ ಆಟಕ್ಕೆ ಅಲ್ಲಿ ಒಂದು ರಾಷ್ಟ್ರೀಯ ಕಪ್ ಪಂದ್ಯಾಟವಿದೆ. ಅದು ಶುರುವಾದದ್ದು 1913-14ರಲ್ಲಿ. ಆಗ ಅದನ್ನು ನ್ಯಾಷನಲ್ ಚಾಲೆಂಜ್ ಕಪ್ ಎಂದು ಕರೆದರು, ಈಗ ಯು.ಎಸ್. ಓಪನ್ ಕಪ್ ಎನ್ನುತ್ತಾರೆ. ಓಪನ್ ಎಂದರೆ ತೆರೆದದ್ದು. ಸಂಬಳಕ್ಕೆ ಆಡುವ ಕ್ಲಬ್ಬೂ ಬರಬಹುದು, ಹಗಲು ದುಡಿದು ಸಂಜೆ ಆಡುವವರ ಕ್ಲಬ್ಬೂ ಬರಬಹುದು. ಚಿಕ್ಕವರು ಮೊದಲು ತಮ್ಮತಮ್ಮಲ್ಲಿ ಆಡಿ ಗೆದ್ದು ಮೇಲೆ ಬರಬೇಕು. ದೊಡ್ಡವರು ನಡುವೆ ಬಂದು ಸೇರಿಕೊಳ್ಳುತ್ತಾರೆ. ಸೋತವನು ಮನೆಗೆ, ಗೆದ್ದವನು ಮುಂದಕ್ಕೆ. ಎರಡನೆಯ ಮಾತಿಲ್ಲ.

ಈ ಆಟ ಅಮೆರಿಕದ ಗಿರಣಿ ಊರುಗಳಿಗೆ ಹೇಗೆ ಹೋಯಿತು? ನೇಕಾರರ ಜೊತೆಯಲ್ಲಿ ಹೋಯಿತು. ಇಂಗ್ಲೆಂಡಿನಲ್ಲಿ ಲ್ಯಾಂಕಶೈರ್ ಎಂಬ ಪ್ರಾಂತವಿದೆ, ಹತ್ತಿ ಗಿರಣಿಗಳ ನಾಡು. ಅಲ್ಲಿಯ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ 1883ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಓಲ್ಡ್ ಈಟೋನಿಯನ್ಸ್ ತಂಡವನ್ನು 2-1ರಿಂದ ಸೋಲಿಸಿತು. ಒಂದು ಕಡೆ ನೇಕಾರ, ನೂಲುಗಾರ, ನಲ್ಲಿ ಕೆಲಸದವ. ಇನ್ನೊಂದು ಕಡೆ ಈಟನ್ ಶಾಲೆಯಲ್ಲಿ ಓದಿದ ಸಿರಿವಂತರ ಮಕ್ಕಳು. ಅಲ್ಲಿಯವರೆಗೆ ಆ ಕಪ್ ಅಂಥ ದೊಡ್ಡ ಮನೆಯವರ ಸೊತ್ತಾಗಿತ್ತು. ಆ ದಿನ ಅದು ದುಡಿಯುವವರ ಕೈಗೆ ಬಂತು. ಇದೇ ಲ್ಯಾಂಕಶೈರಿನ ಕೆಲಸಗಾರರು ಕೂಲಿಯನ್ನು ಹುಡುಕಿಕೊಂಡು ಸಮುದ್ರ ದಾಟಿ ಅಮೆರಿಕದ ಫಾಲ್ ರಿವರ್ ಎಂಬ ಹತ್ತಿ ಗಿರಣಿಗಳ ಊರಿಗೆ ಹೋದರು. ಮಗ್ಗದ ಕಸುಬಿನೊಡನೆ ಚೆಂಡನ್ನೂ ಒಯ್ದರು. ಆಮೇಲೆ ಪೋರ್ಚುಗಲ್ಲಿನವರು ಬಂದರು, ಕೆನಡದ ಫ್ರೆಂಚರು ಬಂದರು. ಭಾಷೆ ಬೇರೆ, ಊಟ ಬೇರೆ, ಬಯಲು ಮಾತ್ರ ಒಂದೇ.

1916, 1917, 1918. ಮೂರು ವರ್ಷವೂ ಅಂತಿಮ ಪಂದ್ಯಕ್ಕೆ ಬಂದವರು ಅವೇ ಎರಡು ತಂಡಗಳು. ಒಂದು ಫಾಲ್ ರಿವರ್ ರೋವರ್ಸ್, ಇನ್ನೊಂದು ಪೆನ್ಸಿಲ್ವೇನಿಯದ ಉಕ್ಕಿನ ಕಾರ್ಖಾನೆಯ ತಂಡ ಬೆತ್ಲೆಹೆಮ್ ಸ್ಟೀಲ್. ಹತ್ತಿಯವರಿಗೂ ಉಕ್ಕಿನವರಿಗೂ ಜಿದ್ದಾಜಿದ್ದಿ. ಉಕ್ಕಿನವರು ಎರಡು ಸಲ ಗೆದ್ದರು, ಹತ್ತಿಯವರು 1917ರಲ್ಲಿ ಗೆದ್ದರು. ಬೆತ್ಲೆಹೆಮ್ ತಂಡ ಒಟ್ಟು ಐದು ಸಲ ಕಪ್ ಗೆದ್ದಿದೆ. ಅದನ್ನು ಮೀರಿದ ಕ್ಲಬ್ಬು ಇದುವರೆಗೆ ಇಲ್ಲ.

ಇಲ್ಲೊಂದು ಸಂಗತಿ ನೆನಪಿಡಬೇಕು. ಗಿರಣಿಯವನಿಗೆ ಆಟ ನೋಡಲು ಬಿಡುವು ಭಾನುವಾರ. ಆದರೆ ಫಾಲ್ ರಿವರ್ ಇದ್ದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಭಾನುವಾರ ಇಂಥ ಆಟಕ್ಕೆ ಕಾನೂನಿನ ತಡೆ. ಫಾಲ್ ರಿವರ್ ಮಾರ್ಕ್ಸ್‌ಮೆನ್ ಎಂಬ ತಂಡದ ಧಣಿ ಸ್ಯಾಮ್ ಮಾರ್ಕ್ ಏನು ಮಾಡಿದ? ಗಡಿಯಾಚೆ, ರೋಡ್ ಐಲೆಂಡ್ ರಾಜ್ಯದ ಟಿವರ್ಟನ್ನಿನಲ್ಲಿ ಕ್ರೀಡಾಂಗಣ ಕಟ್ಟಿಸಿದ! ಜನ ಭಾನುವಾರ ಗಡಿ ದಾಟಿ ಹೋಗಿ ಆಟ ನೋಡಿದರು. ಆ ತಂಡ 1924, 1927, 1930ರಲ್ಲಿ ಕಪ್ ಗೆದ್ದಿತು.

ಧಣಿಯ ಜಾಣತನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಧಣಿಯ ತಂಡ ಧಣಿಯದೇ. ದಕ್ಷಿಣದ ರಾಜ್ಯಗಳಲ್ಲಿ ಕೂಲಿ ಅಗ್ಗವೆಂದು ಹತ್ತಿ ಗಿರಣಿಯ ಕಸುಬು ಅತ್ತ ಸರಿಯಿತು, ಫಾಲ್ ರಿವರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಮುಚ್ಚಿದ ಊರಿನಲ್ಲಿ ಟಿಕೀಟು ಕೊಳ್ಳುವವರಾರು? 1931ರಲ್ಲಿ ಧಣಿ ತಂಡವನ್ನೇ ಎತ್ತಿಕೊಂಡು ನ್ಯೂಯಾರ್ಕಿಗೆ ಹೊರಟುಹೋದ. ಐದು ಸಲ ಗೆದ್ದ ಬೆತ್ಲೆಹೆಮ್ ತಂಡದ ಆಟವೂ 1930ಕ್ಕೆ ಮುಗಿಯಿತು. ಉಕ್ಕಿನ ಕಾರ್ಖಾನೆ ಇತ್ತು, ತಂಡ ಇರಲಿಲ್ಲ.

ಆದರೂ ಫಾಲ್ ರಿವರಿನಲ್ಲಿ ಆಟ ಸಾಯಲಿಲ್ಲ. ಅಲ್ಲಿಯ ಪೋರ್ಚುಗೀಸ್ ಜನರ ಪೊಂಟ ಡೆಲ್ಗಾಡ ಎಂಬ ಹವ್ಯಾಸಿ ಕ್ಲಬ್ಬು 1947ರಲ್ಲಿ ಹವ್ಯಾಸಿಗಳ ಕಪ್ಪನ್ನೂ ಈ ರಾಷ್ಟ್ರೀಯ ಕಪ್ಪನ್ನೂ ಒಂದೇ ವರ್ಷ ಗೆದ್ದಿತು. ಅದೇ ವರ್ಷ ಅಮೆರಿಕದ ಪರವಾಗಿ ಕ್ಯೂಬಕ್ಕೆ ಹೋಗಿ ಆಡಿದವರೂ ಅವರೇ. ಅಲ್ಲಿ ಸೋತು ಬಂದರು, ನಿಜ. ಆದರೆ 1950ರಲ್ಲಿ ಬ್ರೆಜಿಲಿನ ವಿಶ್ವಕಪ್ಪಿನಲ್ಲಿ ಅಮೆರಿಕ ಇಂಗ್ಲೆಂಡನ್ನು 1-0ಯಿಂದ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದಾಗ, ಆ ಹನ್ನೊಂದು ಮಂದಿಯಲ್ಲಿ ಇಬ್ಬರು ಫಾಲ್ ರಿವರಿನವರಿದ್ದರು: ಎಡ್ ಸೋಜಾ, ಜಾನ್ ಸೋಜಾ. ಇಬ್ಬರೂ ನಂಟರಲ್ಲ, ಮನೆತನದ ಹೆಸರು ಮಾತ್ರ ಒಂದೇ. ನಮ್ಮ ಮಂಗಳೂರಿನ ಡಿಸೋಜರ ಹೆಸರೂ ಅದೇ ಪೋರ್ಚುಗೀಸ್ ಮೂಲದ್ದು. ಧಣಿ ಒಯ್ದದ್ದು ತಂಡವನ್ನು. ಆಟವನ್ನು ಒಯ್ಯಲು ಅವನಿಂದ ಆಗಲಿಲ್ಲ. ಅದು ಬೀದಿಯ ಹುಡುಗರಲ್ಲಿ ಉಳಿದಿತ್ತು. ಬಾಗಿಲು ತೆರೆದಿದ್ದ ಈ ಕಪ್ ಅವರನ್ನು ಮೇಲಕ್ಕೆ ಕರೆಯಿತು.

ಈಗ ಜಗಳದ ಮಾತಿಗೆ ಬರೋಣ.

ದೊಡ್ಡವರಿಗೆ ಈ ತೆರೆದ ಬಾಗಿಲು ಎಂದೂ ಪೂರ್ತಿ ಹಿಡಿಸಿಲ್ಲ. 1928ರಲ್ಲಿ ಅಮೆರಿಕನ್ ಸಾಕರ್ ಲೀಗ್ ತನ್ನ ಕ್ಲಬ್ಬುಗಳಿಗೆ, ನೀವು ಕಪ್ಪಿಗೆ ಹೋಗಕೂಡದು, ನಮ್ಮ ಲೀಗಿನ ಆಟಕ್ಕೆ ಅದು ಅಡ್ಡಿ ಎಂದು ಅಪ್ಪಣೆ ಮಾಡಿತು. ಬೆತ್ಲೆಹೆಮ್ ಸೇರಿ ಮೂರು ಕ್ಲಬ್ಬುಗಳು ಒಪ್ಪದೆ ಕಪ್ಪಿಗೆ ಹೋದವು. ಲೀಗು ಅವನ್ನು ಹೊರಹಾಕಿತು. ರಾಷ್ಟ್ರೀಯ ಸಂಘವು ಲೀಗನ್ನೇ ಹೊರಹಾಕಿತು. ಈ ಕಚ್ಚಾಟದ ಮೇಲೆ 1929ರ ಆರ್ಥಿಕ ಕುಸಿತವೂ ಬಿದ್ದು, 1933ರ ಹೊತ್ತಿಗೆ ಲೀಗು ಮಣ್ಣುಗೂಡಿತು. ಮುಂದೆ 1968ರಿಂದ 1984ರವರೆಗೆ ಮೆರೆದ ಶ್ರೀಮಂತ ಲೀಗಿನವರೂ ಕಪ್ಪಿನ ಕಡೆ ತಿರುಗಿ ನೋಡಲಿಲ್ಲ. ಅವರೂ ಹೋದರು. ವಲಸೆ ಬಂದವರ ಚಿಕ್ಕ ಕ್ಲಬ್ಬುಗಳು ಕಪ್ಪನ್ನು ಕಾಪಾಡಿದವು. ನ್ಯೂಯಾರ್ಕಿನ ಗ್ರೀಕರ ಕ್ಲಬ್ಬು 1967, 1968, 1969ರಲ್ಲಿ ಸಾಲಾಗಿ ಗೆದ್ದಿತು.

1996ರಲ್ಲಿ ಮೇಜರ್ ಲೀಗ್ ಸಾಕರ್ ಎಂಬ ಹೊಸ ಲೀಗು ಶುರುವಾಗಿ ಕಪ್ಪಿಗೂ ಬಂತು. ಮೂರೇ ವರ್ಷದಲ್ಲಿ, 1999ರಲ್ಲಿ, ಕೆಳದರ್ಜೆಯ ರಾಚೆಸ್ಟರ್ ತಂಡ ಈ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ಕೆಡವಿ ಕಪ್ ಹೊತ್ತುಕೊಂಡು ಹೋಯಿತು. 2022ರಲ್ಲಿ ಇಂಥದೇ ಸ್ಯಾಕ್ರಮೆಂಟೊ ತಂಡ ಅಂತಿಮ ಪಂದ್ಯದವರೆಗೆ ಬಂದು ಸೋತಿತು.

2023ರ ಡಿಸೆಂಬರಿನಲ್ಲಿ ಆ ದೊಡ್ಡ ಲೀಗು, ಮುಂದಿನ ವರ್ಷ ನಮ್ಮ ಮೊದಲ ತಂಡಗಳು ಕಪ್ಪಿಗೆ ಬರುವುದಿಲ್ಲ, ಮರಿ ತಂಡಗಳನ್ನು ಕಳಿಸುತ್ತೇವೆ ಎಂದಿತು. ರಾಷ್ಟ್ರೀಯ ಸಂಘ ಒಪ್ಪಲಿಲ್ಲ. ಕೊನೆಗೆ ಎಳೆದಾಡಿ, 2024ರಲ್ಲಿ ಲೀಗಿನ 26 ಅಮೆರಿಕನ್ ಕ್ಲಬ್ಬುಗಳಲ್ಲಿ 8 ಮಾತ್ರ ಮೊದಲ ತಂಡದೊಡನೆ ಬಂದವು. 2025ರಲ್ಲಿ 16 ಬಂದವು.

ಲೀಗಿನವರು ಕೊಟ್ಟ ಕಾರಣ, ಪಂದ್ಯಗಳು ಹೆಚ್ಚಾಗಿ ಆಟಗಾರರು ದಣಿಯುತ್ತಾರೆ ಎಂಬುದು. ಆಟಗಾರನೂ ದುಡಿಯುವವನೇ, ಅವನ ದಣಿವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ 2023ರಲ್ಲಿ ಇದೇ ಲೀಗು ಮೆಕ್ಸಿಕೊದ ಲೀಗಿನ ಎಲ್ಲ ಕ್ಲಬ್ಬುಗಳನ್ನೂ ಸೇರಿಸಿಕೊಂಡು, ತನ್ನ ಪಂದ್ಯಗಳನ್ನು ಸುಮಾರು ಒಂದು ತಿಂಗಳು ನಿಲ್ಲಿಸಿ, ಇನ್ನೊಂದು ಪಂದ್ಯಾಟವನ್ನು ನಡೆಸಿತಲ್ಲ? ಆಗ ಕಾಲು ನೋಯಲಿಲ್ಲವೆ? ಹಣವಿರುವ ಬಯಲಿನಲ್ಲಿ ದಣಿವಿಲ್ಲ, ಬಡವರ ಬಯಲಿಗೆ ಕರೆದರೆ ದಣಿವು. ಈ ಲೆಕ್ಕ ನಮ್ಮ ಅಂಗಡಿಯವರಿಗೆ ಚೆನ್ನಾಗಿ ತಿಳಿಯುತ್ತದೆ.

ದೊಡ್ಡ ತಂಡವೊಂದು ಚಿಕ್ಕ ಊರಿಗೆ ಒಂದು ಸಂಜೆ ಬಂದು ಆಡಿದರೆ, ಆ ಊರಿನ ಕ್ಲಬ್ಬಿಗೆ ಬರುವ ಗೇಟಿನ ಹಣ ಹಲವು ತಿಂಗಳ ಖರ್ಚಿಗೆ ಒದಗುತ್ತದೆ. ಬಯಲಿನ ಸುತ್ತ ತಿಂಡಿ ಮಾರುವವನಿಗೂ ನಾಲ್ಕು ಕಾಸು ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು, ದೊಡ್ಡವನ ಕಾಲಿಗೆ ತನ್ನ ಕಾಲು ತಾಗಿಸಿ ನೋಡುವ ಅವಕಾಶ ಅಲ್ಲಿಯ ಹುಡುಗನಿಗೆ ಸಿಗುತ್ತದೆ. ಅವನು ಹತ್ತರಲ್ಲಿ ಒಂಬತ್ತು ಸಲ ಸೋಲುತ್ತಾನೆ. ಸೋಲಲಿ. ಆಡಿ ಸೋತವನು ಮತ್ತೆ ಆಡುತ್ತಾನೆ. ಬಾಗಿಲಲ್ಲೇ ತಡೆಸಿಕೊಂಡವನು ಏನು ಮಾಡಬೇಕು?

ಸ್ನೇಹಿತರೇ, ಆ ಕಪ್ಪಿನ ನೂರಕ್ಕೂ ಮಿಕ್ಕಿದ ವರ್ಷಗಳಲ್ಲಿ ಧಣಿಗಳು ಬಂದರು, ಹೋದರು. ಲೀಗುಗಳು ಎದ್ದವು, ಬಿದ್ದವು. ಗಿರಣಿಗಳೂ ಮುಚ್ಚಿದವು. ಉಳಿದದ್ದು ಒಂದು ನಿಯಮ: ಯಾರು ಬೇಕಾದರೂ ಬರಲಿ, ಗೆದ್ದವನು ಮುಂದೆ ಹೋಗಲಿ. ಅಷ್ಟೇ ನಿಯಮಕ್ಕಾಗಿ ಅಲ್ಲಿಯ ಜನ ಹೋರಾಡುತ್ತಿದ್ದಾರೆ. ನಮ್ಮೂರಿನ ಆಟದ ಬಯಲಿಗೆ ನಾಳೆ ಯಾರಾದರೂ ಬೇಲಿ ಹಾಕಲು ಬಂದರೆ, ಫಾಲ್ ರಿವರಿನ ಆ ನೇಕಾರರನ್ನು ನಾವೂ ಒಮ್ಮೆ ನೆನೆಯೋಣ.