ಮಾತು ನಿಂತ ಪೆಟ್ಟಿಗೆಗಳು

ರೇಡಿಯೋದಲ್ಲಿ ಕುಳಿತು ರೇಡಿಯೋವನ್ನೇ ಕುರಿತು ಮಾತನಾಡುವುದು ತುಸು ವಿಚಿತ್ರವೆನಿಸಬಹುದು. ಆದರೆ ನಾನು ಹೇಳಹೊರಟಿರುವುದು ಈ ಹೊತ್ತು ತಮ್ಮ ಮುಂದೆ ನುಡಿಯುತ್ತಿರುವ ಯಂತ್ರದ ವಿಷಯವನ್ನಲ್ಲ. ಅನೇಕ ಮನೆಗಳ ಅಟ್ಟದ ಮೇಲೆ, ಹಾಸಿಗೆಯ ಸುರುಳಿಗೂ ಮುರಿದ ತೊಟ್ಟಿಲಿಗೂ ನಡುವೆ, ಗೋಡೆಗೆ ಮುಖಮಾಡಿ ಕುಳಿತಿರುವ ಅದರ ಅಜ್ಜನ ವಿಷಯವನ್ನು. ಅಂಥ ಪೆಟ್ಟಿಗೆಗಳನ್ನು ಕೆಳಗಿಳಿಸಿ, ಧೂಳು ಝಾಡಿಸಿ, ಬಿಚ್ಚಿ, ಕೆಟ್ಟದ್ದೇನೆಂದು ಹುಡುಕಿ, ಮತ್ತೆ ಮಾತನಾಡಿಸುವುದು ನನ್ನ ಹವ್ಯಾಸ. ವೃತ್ತಿಯಿಂದ ನಾನು ಕನ್ನಡ ಮೇಷ್ಟರಾಗಿದ್ದವನು. ನಮ್ಮೂರ ಪೇಟೆಬೀದಿಯ ರೇಡಿಯೋ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಸಂಜೆಯ ಹೊತ್ತು ಕುಳಿತು, ನೋಡಿ ಕಲಿತದ್ದು. ಆಮೇಲೆ ಪುಸ್ತಕಗಳನ್ನೋದಿ ತಿದ್ದಿಕೊಂಡದ್ದು. ನನ್ನ ಬಂಡವಾಳ ಇಷ್ಟೆ.

ಹಳೆಯ ವಸ್ತುಗಳನ್ನು ಕೂಡಿಡುವುದು ಬೇರೆ, ದುರಸ್ತಿ ಮಾಡುವುದು ಬೇರೆ. ಕೂಡಿಡುವವನಿಗೆ ಪೆಟ್ಟಿಗೆಯ ಹೊಳಪು ಸಾಕು. ದುರಸ್ತಿ ಮಾಡುವವನಿಗೆ ಅದರ ಧ್ವನಿ ಬೇಕು. ಈ ಧ್ವನಿಯ ಹಂಬಲಕ್ಕೆ ನಮ್ಮ ನಾಡಿನಲ್ಲಿ ಒಂದು ಇತಿಹಾಸವೇ ಉಂಟು. 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕದ ಶಕ್ತಿ 30 ವಾಟ್. ಇಂದು ನಮ್ಮ ತಲೆಯ ಮೇಲೆ ತಿರುಗುವ ಸಾಮಾನ್ಯ ಫ್ಯಾನು ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ. ಆ ಪುಟ್ಟ ನಿಲಯ ಹೊತ್ತಿದ್ದ ‘ಆಕಾಶವಾಣಿ’ ಎಂಬ ಹೆಸರು 1957ರಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ, 1955ರಲ್ಲಿ ಬೆಂಗಳೂರು ಕೇಂದ್ರ ಬಂದವು. ಆ ದನಿಗಳನ್ನು ಹಿಡಿಯಲು ಮನೆಗಳಿಗೆ ಬಂದವು ತೇಗದ ಮರದ, ಬೇಕಲೈಟಿನ ಈ ಪೆಟ್ಟಿಗೆಗಳು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಿ ಲೈಸೆನ್ಸು ನವೀಕರಿಸಿಕೊಳ್ಳಬೇಕಾಗಿದ್ದ ಕಾಲ ಅದು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. ರೇಡಿಯೋಗೆಂದು ಗೋಡೆಯಲ್ಲಿ ಎತ್ತರದ ಹಲಗೆ, ಅದರ ಮೇಲೆ ಕಸೂತಿಯ ಹೊದಿಕೆ, ಸೂರಿನುದ್ದಕ್ಕೂ ತಾಮ್ರದ ಜಾಲರಿಯ ಏರಿಯಲ್ ಪಟ್ಟಿ. ದೇವರ ಗೂಡಿಗಿದ್ದಷ್ಟು ಮಡಿ ಅದಕ್ಕೂ ಇತ್ತು, ಮಕ್ಕಳು ಮುಟ್ಟುವಂತಿರಲಿಲ್ಲ.

ಒಳಗೆ ಏನಿದೆ? ಸಾಮಾನ್ಯವಾಗಿ ಐದು ವಾಲ್ವುಗಳು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ಒಂದು ಲೋಹದ ಕೊಳವೆ, ಅದರಿಂದ ಹೊರಚಿಮ್ಮುವ ಎಲೆಕ್ಟ್ರಾನುಗಳು, ಅವುಗಳ ಹರಿವನ್ನು ಹೆಚ್ಚುಕಡಿಮೆ ಮಾಡುವ ಸೂಕ್ಷ್ಮವಾದ ತಂತಿಬಲೆ. ಏರಿಯಲ್ಲಿಗೆ ಬಂದು ತಾಕುವ ನೂರು ನಿಲಯಗಳ ಅಲೆಗಳಲ್ಲಿ ನಮಗೆ ಬೇಕಾದ ಒಂದನ್ನು ಮೊದಲನೆಯ ವಾಲ್ವು ಆಯ್ದು, ಸುಮಾರು 455 ಕಿಲೋಸೈಕಲ್ಲಿನ ಒಂದು ನಿಶ್ಚಿತ ಕಂಪನಕ್ಕೆ ಬದಲಾಯಿಸುತ್ತದೆ. ಯಾವ ಊರಿನ ನಾಣ್ಯ ಬಂದರೂ ತನ್ನ ಊರಿನ ನಾಣ್ಯಕ್ಕೆ ಬದಲಿಸಿಕೊಂಡು ಎಣಿಸುವ ಶರಾಫನ ಲೆಕ್ಕ ಇದು. ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಎಂಜಿನಿಯರು 1918ರಲ್ಲಿ ಕಂಡುಕೊಂಡ ಉಪಾಯ. ಉಳಿದ ವಾಲ್ವುಗಳಲ್ಲಿ ಎರಡು ಆ ಕಂಪನವನ್ನು ಬೆಳೆಸಿ, ಅದರೊಳಗಿನ ಮಾತನ್ನು ಸೋಸಿ ತೆಗೆಯುತ್ತವೆ. ಇನ್ನೊಂದು ಧ್ವನಿವರ್ಧಕಕ್ಕೆ ಬಲ ಕೊಡುತ್ತದೆ. ಕೊನೆಯದು ಇವೆಲ್ಲಕ್ಕೂ ಅನ್ನ ಹಾಕುವ ವಿದ್ಯುತ್ತನ್ನು ಒದಗಿಸುತ್ತದೆ. ಇಂಥ ವಾಲ್ವುಗಳನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1961ರಿಂದ ತಯಾರಿಸಿತು. ಅವುಗಳಲ್ಲಿ ಕೆಲವು ಇಂದಿಗೂ ಜೀವಂತವಾಗಿವೆ. ವಾಲ್ವು ದೀರ್ಘಾಯುಷಿ, ಮೊದಲು ಸಾಯುವವು ಅದರ ನೆರೆಹೊರೆಯವರು.

ಆ ನೆರೆಹೊರೆಯವರೇ ಕಂಡೆನ್ಸರುಗಳು. ಮೇಣ ಹಚ್ಚಿದ ಕಾಗದದ ಸುರುಳಿಗಳು ಹತ್ತಾರು ಮಳೆಗಾಲಗಳ ತೇವವನ್ನು ಕುಡಿದು, ತಡೆಯಬೇಕಾದ ವಿದ್ಯುತ್ತನ್ನು ಸೋರಬಿಡುತ್ತವೆ. ಅಲ್ಯುಮಿನಿಯಂ ಡಬ್ಬಿಯ ದೊಡ್ಡ ಕಂಡೆನ್ಸರುಗಳು ಒಣಗಿ ಹೋಗಿರುತ್ತವೆ. ಆದುದರಿಂದ ಈ ಹವ್ಯಾಸದ ಮೊದಲ ಪಾಠ, ಹಳೆಯ ರೇಡಿಯೋ ಸಿಕ್ಕೊಡನೆ ಪ್ಲಗ್ಗಿಗೆ ಸಿಕ್ಕಿಸಬಾರದು ಎಂಬುದು. ‘ಹಾಡುತ್ತದೆಯೋ ನೋಡೋಣ’ ಎಂಬ ಒಂದು ಕ್ಷಣದ ಕುತೂಹಲ, ಅರವತ್ತು ವರ್ಷ ಬಾಳಿದ ಟ್ರಾನ್ಸ್‌ಫಾರ್ಮರನ್ನು ಎರಡು ನಿಮಿಷದಲ್ಲಿ ಸುಡಬಲ್ಲದು. ಮೊದಲು ಮೀಟರು ಹಿಡಿದು ಒಂದೊಂದನ್ನೂ ಅಳೆಯಬೇಕು. ಔಟ್‌ಪುಟ್ ವಾಲ್ವಿನ ಬಲೆಗೆ ಮಾತನ್ನು ದಾಟಿಸುವ ಪುಟ್ಟ ಕಂಡೆನ್ಸರೊಂದಿದೆ. ಅದು ಸೋರಿದರೆ ಆ ವಾಲ್ವು ಮಿತಿಮೀರಿ ಕಾಯ್ದು ಹಾಳಾಗುತ್ತದೆ. ಅದನ್ನು ನಾನು ಪರೀಕ್ಷೆಯಿಲ್ಲದೆಯೇ ಬದಲಾಯಿಸುತ್ತೇನೆ. ಅನಂತರವೂ ನೇರವಾಗಿ ಅಲ್ಲ; ಹಳೆಯ ಮೆಕ್ಯಾನಿಕ್ಕುಗಳ ಪದ್ಧತಿಯಂತೆ ಒಂದು 60 ವಾಟಿನ ಬಲ್ಬನ್ನು ಸರಣಿಯಲ್ಲಿ ಸೇರಿಸಿ ವಿದ್ಯುತ್ತು ಕೊಡಬೇಕು. ಒಳಗೆಲ್ಲೋ ಶಾರ್ಟಿದ್ದರೆ ಬಲ್ಬು ಧಗ್ಗನೆ ಉರಿದು ಎಚ್ಚರಿಸುತ್ತದೆ, ರೇಡಿಯೋ ಉಳಿದುಕೊಳ್ಳುತ್ತದೆ.

ಎಚ್ಚರ ನಮ್ಮ ಜೀವಕ್ಕೂ ಬೇಕು. ಒಳಗೆ ಇನ್ನೂರೈವತ್ತು ವೋಲ್ಟಿನವರೆಗೆ ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಅದು ಹೊಂಚುಹಾಕಿ ಕುಳಿತಿರಬಹುದು. ಕೆಲವು ಊರುಗಳಲ್ಲಿ ಡಿ.ಸಿ. ವಿದ್ಯುತ್ತು ಇದ್ದ ಕಾಲದ ‘ಎ.ಸಿ.–ಡಿ.ಸಿ.’ ಸೆಟ್ಟುಗಳಲ್ಲಂತೂ ಮೈನ್ಸಿನ ಒಂದು ತಂತಿ ನೇರವಾಗಿ ಲೋಹದ ಚೌಕಟ್ಟಿಗೇ ಸೇರಿರುತ್ತದೆ. ಕೆಲಸ ಮಾಡುವಾಗ ಎಡಗೈಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕೆಂಬುದು ಈ ಕಸುಬಿನ ಹಳೆಯ ನಿಯಮ. ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಎದೆಯನ್ನು ಹಾದು ಇನ್ನೊಂದು ಕೈಯಿಂದ ಹೊರಡದಿರಲೆಂದು ಮಾಡಿದ ಕಟ್ಟಳೆ ಅದು.

ಪೆಟ್ಟಿಗೆಯ ತಳವನ್ನು ಬಿಚ್ಚಿ ನೋಡಿದಾಗ ನನಗೆ ಓಲೆಗರಿಯ ಕಟ್ಟನ್ನು ಬಿಚ್ಚಿದಂತಾಗುತ್ತದೆ. ಮೂಲ ಕರ್ತೃವಿನ ಬರಹದ ಮೇಲೆ ಲಿಪಿಕಾರರ ಕೈ ಆಡಿರುವಂತೆ, ಇಲ್ಲಿಯೂ ಹಿಂದಿನ ಮೆಕ್ಯಾನಿಕ್ಕುಗಳ ಕೈ ಆಡಿರುತ್ತದೆ. ಈ ಬೆಸುಗೆ ಕಾರ್ಖಾನೆಯದು, ಈ ದಪ್ಪ ಬೆಸುಗೆ ಆಮೇಲಿನದು. ಇದು ಶುದ್ಧ ಪಾಠ, ಇದು ಪ್ರಕ್ಷಿಪ್ತ. ಸಂಪಾದಕನಿಗಿರುವ ಪ್ರಲೋಭನೆಯೇ ದುರಸ್ತಿಗಾರನಿಗೂ ಇದೆ: ಅರ್ಥವಾಗದ್ದನ್ನು ತಿದ್ದಿಬಿಡುವುದು. ಮೇಣ ಹಾಕಿ ಮುಚ್ಚಿದ ಸ್ಕ್ರೂಗಳನ್ನು ಕಂಡರೆ ತಿರುಗಿಸೋಣವೆನ್ನಿಸುತ್ತದೆ. ಆದರೆ ಅವು ಆ ನಿಶ್ಚಿತ ಕಂಪನಕ್ಕೆ ಶ್ರುತಿ ಮಾಡಿಟ್ಟ ಸ್ಕ್ರೂಗಳು. ದೋಷ ಬೇರೆಲ್ಲೋ ಇರುವಾಗ ಅವುಗಳನ್ನು ತಿರುಗಿಸಿದರೆ ಒಂದು ರೋಗದ ಜಾಗದಲ್ಲಿ ಎರಡು ರೋಗಗಳಾಗುತ್ತವೆ.

ಒಮ್ಮೆ ಒಂದು ಸೆಟ್ಟಿನೊಳಗೆ, ಚೌಕಟ್ಟಿನ ಮಗ್ಗುಲಿಗೆ ಅಂಟಿಸಿದ್ದ ಕಾಗದದ ಚೂರೊಂದು ಸಿಕ್ಕಿತು. ಪೆನ್ಸಿಲಿನಲ್ಲಿ, ದುಂಡನೆಯ ಕನ್ನಡ ಅಕ್ಷರಗಳಲ್ಲಿ, 1964ರ ಒಂದು ತಾರೀಖು. ಕೆಳಗೆ ಎರಡು ಸಾಲು: ‘ಅಸಲು ಸಿಗಲಿಲ್ಲ. ಬದಲಿ ಹಾಕಿದೆ. ಸಿಕ್ಕರೆ ತೆಗೆದು ಹಾಕುವುದು.’ ಯಾರೋ ಹೆಸರಿಲ್ಲದ ಮೆಕ್ಯಾನಿಕ್ಕು, ತಾನೆಂದೂ ಕಾಣದ ಇನ್ನೊಬ್ಬನಿಗೆ ಬರೆದಿಟ್ಟ ಪತ್ರ. ನಮ್ಮ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಲೆಂದು ಬೇಡಿಕೊಳ್ಳುತ್ತಿದ್ದ ಮಾತಿಗಿಂತ ಇದು ಯಾವುದರಲ್ಲಿ ಕಡಮೆ? ಅಂದಿನಿಂದ ನಾನೂ ಒಂದು ನಿಯಮವನ್ನಿಟ್ಟುಕೊಂಡೆ. ತೆಗೆದ ಭಾಗವನ್ನು ಎಸೆಯದೆ, ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಒಳಗೇ ಇಡುವುದು. ಏನು ಮಾಡಿದೆನೆಂದು ತಾರೀಖಿನೊಡನೆ ಬರೆಯುವುದು. ಹಳೆಯ ಕಂಡೆನ್ಸರಿನ ಹೊಟ್ಟೆಯನ್ನು ಬಗೆದು, ಒಳಗೆ ಹೊಸದನ್ನಡಗಿಸಿ, ಮೇಣ ಮೆತ್ತಿ, ಅಸಲಿನಂತೆಯೇ ಕಾಣಿಸುವ ನಿಪುಣರಿದ್ದಾರೆ. ಅವರ ಕೈಚಳಕವನ್ನು ಮೆಚ್ಚುತ್ತೇನೆ. ಆದರೆ ಜೊತೆಗೊಂದು ಚೀಟಿಯಿಲ್ಲದಿದ್ದರೆ ಅದು ಪ್ರಕ್ಷಿಪ್ತವನ್ನು ಮೂಲವೆಂದು ಅಚ್ಚುಹಾಕಿಸಿದಂತೆ.

ಇನ್ನು ಧ್ವನಿವರ್ಧಕ. ಕಾಗದದ ಆಲಿಕೆಯೊಂದರ ತುದಿಗೆ ತಂತಿಸುರುಳಿ, ಅದರ ಸುತ್ತ ಅಯಸ್ಕಾಂತ. ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಅಮೆರಿಕದಲ್ಲಿ 1925ರಲ್ಲಿ ರೂಪಿಸಿದ ಈ ಮಾದರಿಯೇ ಮೂಲತಃ ಇಂದಿಗೂ ನಡೆಯುತ್ತಿದೆ. ರೇಡಿಯೋದಲ್ಲಿ ಮನುಷ್ಯನ ಗಂಟಲಿಗೆ ಅತ್ಯಂತ ಹತ್ತಿರವಾದ ಅಂಗ ಇದು; ಇಲಿಗೂ ಬೆಳ್ಳಿಮೀನೆಂಬ ಹುಳುವಿಗೂ ಅತ್ಯಂತ ಪ್ರಿಯವಾದದ್ದೂ ಇದೇ. ಎರಡೂ ಹೆಬ್ಬೆರಳುಗಳಿಂದ ಆಲಿಕೆಯನ್ನು ಸಮನಾಗಿ ಮೆಲ್ಲಗೆ ಒತ್ತಿ ಕಿವಿಗೊಡಬೇಕು. ಸರಸರ ಸದ್ದು ಬಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆಯೆಂದರ್ಥ. ಹರಿದ ಕಡೆ ತೆಳುವಾದ ಟಿಶ್ಯೂ ಕಾಗದವನ್ನು, ಒಣಗಿದ ಮೇಲೂ ಬಾಗುವಂಥ ಅಂಟಿನಿಂದ ಹಚ್ಚಬೇಕು. ಗಟ್ಟಿಯಾದ ಅಂಟು ಹಾಕಿದರೆ ಆಲಿಕೆ ಭಾರವಾಗಿ ಧ್ವನಿಗೆ ನೆಗಡಿ ಹಿಡಿಯುತ್ತದೆ. ತೇಪೆ ಕಣ್ಣಿಗೆ ಕಾಣಲಿ, ಚಿಂತೆಯಿಲ್ಲ, ಕಿವಿಗೆ ಕೇಳಬಾರದು.

ಮೇಲ್ಮೈಯ ವಿಷಯದಲ್ಲಿ ನನಗೆ ಅವಸರವಿಲ್ಲ. ಮರಕ್ಕೆ ಅರಗಿನ ಪಾಲಿಶ್ ಸಾಕು. ಆದರೆ ಡಯಲ್ಲಿನ ಗಾಜನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಬಾರದು. ಅದರ ಹಿಂಬದಿಗೆ ಬಣ್ಣದಲ್ಲಿ ಬರೆದ ಊರುಗಳು, ದೆಹಲಿ, ಕೊಲಂಬೊ, ಲಂಡನ್, ಒಂದೇ ಒರಸಿಗೆ ಬಟ್ಟೆಗೆ ಬಂದುಬಿಡುತ್ತವೆ. ಹಾಗೆ ಭೂಪಟವನ್ನು ಕಳೆದುಕೊಂಡು ಬರಿಗಾಜಾಗಿ ನಿಂತ ರೇಡಿಯೋಗಳನ್ನು ಗುಜರಿ ಅಂಗಡಿಗಳಲ್ಲಿ ಎಷ್ಟೋ ಕಂಡಿದ್ದೇನೆ.

ಹೀಗೆ ಎಷ್ಟನ್ನು ಬದಲಾಯಿಸಬಹುದು? ಎಲ್ಲಿಯವರೆಗೆ ಅದು ಅದೇ ರೇಡಿಯೋ? ಈ ಪ್ರಶ್ನೆಯನ್ನು ನನ್ನೆದುರು ನೇರವಾಗಿ ಇಟ್ಟವನು ಒಬ್ಬ ತರುಣ. ತಾತನ ರೇಡಿಯೋವನ್ನು ಮಗುವಿನಂತೆ ಎತ್ತಿಕೊಂಡು ಬಂದವನು, “ಸಾರ್, ಒಳಗಿರೋದನ್ನೆಲ್ಲ ತೆಗೆದುಬಿಡಿ. ಒಂದು ಬ್ಲೂಟೂತ್ ಬೋರ್ಡು ಕೂರಿಸಿಕೊಡಿ. ಪೆಟ್ಟಿಗೆ ತಾತಂದು, ಅದೊಂದು ಉಳಿದರೆ ಸಾಕು” ಎಂದ. “ನಿಮ್ಮ ತಾತ ಕೇಳುತ್ತಿದ್ದದ್ದು ಪೆಟ್ಟಿಗೆಯನ್ನಲ್ಲವಲ್ಲಪ್ಪ” ಎಂದೆ. ಅವನು ತಕ್ಷಣ, “ಅವರು ಕೇಳುತ್ತಿದ್ದ ಸ್ಟೇಷನ್ನುಗಳು ಎಲ್ಲಿವೆ ಸಾರ್?” ಎಂದು ಮರುಪ್ರಶ್ನೆ ಹಾಕಿದ.

ಅವನ ಮಾತಿನಲ್ಲಿ ಸತ್ಯವಿತ್ತು. ರೇಡಿಯೋ ನೆದರ್‌ಲ್ಯಾಂಡ್ಸಿನ ಶಾರ್ಟ್‌ವೇವ್ ಪ್ರಸಾರ 2012ರಲ್ಲಿ ನಿಂತಿತು. ಜರ್ಮನಿಯ ರಾಷ್ಟ್ರೀಯ ಬಾನುಲಿ 2015ರ ಕೊನೆಗೆ ಮೀಡಿಯಂ ವೇವನ್ನು ಬಿಟ್ಟಿತು. ಬಿ.ಬಿ.ಸಿ.ಯ ಹಿಂದಿ ವಾರ್ತೆ 2020ರ ಜನವರಿಯಲ್ಲಿ ಶಾರ್ಟ್‌ವೇವಿನಿಂದ ಇಳಿಯಿತು. ನಮ್ಮ ದೇಶದಲ್ಲಿಯೂ ಕೆಲವು ಮೀಡಿಯಂ ವೇವ್ ಪ್ರೇಷಕಗಳು ಮೌನವಾಗಿವೆ. ಉಳಿದವನ್ನು ಕೇಳೋಣವೆಂದರೆ, ಮನೆಮನೆಯ ಎಲ್.ಇ.ಡಿ. ದೀಪಗಳೂ ಮೊಬೈಲು ಚಾರ್ಜರುಗಳೂ ಎಬ್ಬಿಸುವ ಗೊರಗೊರ ಸದ್ದು ಮೇಲೆ ಬೀಳುತ್ತದೆ. ದುರಸ್ತಿಯಾದ ರೇಡಿಯೋ ಕೇಳಬೇಕಾದರೆ ಮೊದಲು ಮನೆಯ ಅರ್ಧ ಸ್ವಿಚ್ಚುಗಳನ್ನು ಆರಿಸಿ ಬರಬೇಕು.

ಆದರೂ ನಾನು ಆ ಸೆಟ್ಟನ್ನು ತಿರುಗಿಸಿ, ಹಿಂಬದಿಯಲ್ಲಿದ್ದ ಎರಡು ಪುಟ್ಟ ತೂತುಗಳನ್ನು ತೋರಿಸಿದೆ. ಅವು ಗ್ರಾಮಫೋನಿನ ತಂತಿಯನ್ನು ಸಿಕ್ಕಿಸಲು ಬಿಟ್ಟ ದಾರಿ. ಆಕಾಶದಿಂದಲ್ಲದೆ ಬೇರೆ ಕಡೆಯಿಂದ ಬರುವ ಹಾಡನ್ನೂ ಹಾಡಲಿ ಎಂದು ತಯಾರಿಸಿದವರೇ ತೆರೆದಿಟ್ಟ ಬಾಗಿಲು. ಟ್ರಾನ್ಸ್‌ಫಾರ್ಮರ್ ಇರುವ ಎ.ಸಿ. ಸೆಟ್ಟಾದ್ದರಿಂದ ಅಪಾಯವಿರಲಿಲ್ಲ, ಎ.ಸಿ.–ಡಿ.ಸಿ. ಸೆಟ್ಟಿಗೆ ಈ ಕೆಲಸ ಸಲ್ಲದು. ಕೆಟ್ಟಿದ್ದ ಏಳು ಕಂಡೆನ್ಸರುಗಳನ್ನಷ್ಟೆ ಬದಲಾಯಿಸಿ, ಆ ತೂತುಗಳಿಗೆ ಅವನ ಫೋನಿನಿಂದ ತಂತಿ ಎಳೆದು ಕೊಟ್ಟೆ. ತಾತನ ವಾಲ್ವುಗಳು, ತಾತನ ಧ್ವನಿವರ್ಧಕ, ಮೊಮ್ಮಗನ ಹಾಡು. ಒಂದು ರಂಧ್ರವನ್ನೂ ಹೊಸದಾಗಿ ಕೊರೆಯಲಿಲ್ಲ. ಅವನೇನೋ ಒಪ್ಪಿದ. ಒಪ್ಪದೆ ಪೆಟ್ಟಿಗೆ ಎತ್ತಿಕೊಂಡು ಹೋದವರೂ ಇದ್ದಾರೆ. ಅವರ ವಸ್ತು, ಅವರ ಇಷ್ಟ.

ಸೆಟ್ಟು ಸಿದ್ಧವಾದಾಗ ನಾನು ಪರೀಕ್ಷೆಗೆ ಆರಿಸಿಕೊಳ್ಳುವುದು ತಂಬೂರಿಯ ನಾದವನ್ನು. ವಿದ್ಯುತ್ತನ್ನು ಸೋಸುವ ಕಂಡೆನ್ಸರು ಸರಿಯಿಲ್ಲದಿದ್ದರೆ ಸೆಕೆಂಡಿಗೆ ನೂರು ಕಂಪನದ ಒಂದು ಗುಂಯ್‌ಗುಡುವಿಕೆ ತಂಬೂರಿಯ ಕೆಳಗೆ ಸೇರಿಕೊಂಡು ಶ್ರುತಿಯನ್ನು ಕೆಡಿಸುತ್ತದೆ. ಅದು ಹೋಗಿ, ತಂಬೂರಿಯೊಂದೇ ಉಳಿಯುವವರೆಗೆ ಕೆಲಸ ಮುಗಿದಂತಲ್ಲ. ಈ ಕಿವಿ ಪುಸ್ತಕದಿಂದ ಬರುವುದಲ್ಲ. ಪೇಟೆಬೀದಿಗಳಲ್ಲಿ ಅದನ್ನು ಕಲಿಸುತ್ತಿದ್ದ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗ ಹುಡುಕಿದರೆ ಸಿಕ್ಕೀತು. ಆದರೆ ಬಿಡಿಭಾಗವನ್ನು ಬಲ್ಲ ಕೈ ಸಿಕ್ಕುವುದು ಕಷ್ಟವಾಗಿದೆ. ಹಾಗಾಗಿ ತಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥದೊಂದು ಪೆಟ್ಟಿಗೆಯಿದ್ದರೆ ಎರಡು ವಿನಂತಿ. ಬಲ್ಲವರು ನೋಡುವವರೆಗೆ ಅದಕ್ಕೆ ವಿದ್ಯುತ್ತು ಕೊಡಬೇಡಿ. ಮತ್ತು ಆ ಬಲ್ಲವರು ಕೆಲಸ ಮಾಡುವಾಗ, ಮನೆಯ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ಕೂರಿಸಿ. ಎಡಗೈ ಜೇಬಿನಲ್ಲಿರಲಿ, ಬಲಗೈಯಲ್ಲಿ ಒಂದು ಪೆನ್ಸಿಲಿರಲಿ. ಒಳಗೆ ಅಂಟಿಸುವ ಚೀಟಿಯನ್ನು ಅವರೇ ಬರೆಯಲಿ.