ವಿದ್ಯಾಪೀಠದ ನೆರಳಿನಲ್ಲಿ ಹೊಸ ಉದ್ಯಮ
(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಒಪ್ಪಿಸಿದ ವಿಷಯವನ್ನು ಯಥಾಮತಿ ನಿವೇದಿಸುವೆನು. ಒಂದು ವಿದ್ಯಾಪೀಠದ ಸುತ್ತ ಹೊಸ ಉದ್ಯಮಗಳನ್ನು ಹೂಡುವವರ ಸಮುದಾಯವು ಹೇಗೆ ಬೆಳೆಯುತ್ತದೆ ಎಂಬದು ಆ ವಿಷಯ. ಮಠದ ಮಹೋತ್ಸವದಲ್ಲಿ ವ್ಯಾಪಾರದ ಮಾತೇಕೆ ಎಂದು ಹಿರಿಯರು ಕೆಲವರು ಸಂಶಯಪಡಬಹುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಎಂದು ಶರಣರ ಹೆಸರುಗಳಲ್ಲಿಯೇ ಕಾಯಕವನ್ನು ಉಳಿಸಿಕೊಂಡು ಬಂದ ಪರಂಪರೆಯಲ್ಲಿ ಆ ಸಂಶಯಕ್ಕೆ ಹೆಚ್ಚು ಎಡೆಯಿಲ್ಲವೆಂದು ನಂಬಿದ್ದೇನೆ.

ಹಳ್ಳಿಯ ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೂಡಿಯೇ ನೀಡಿದ್ದು ನಮ್ಮ ಮಠಗಳ ಹಿರಿಮೆ. ಪ್ರಸಾದನಿಲಯಗಳಿಂದ ತೊಡಗಿದ ಆ ಕಾರ್ಯವು ಶಾಲೆಗಳಾಗಿ, ಕಾಲೇಜುಗಳಾಗಿ ಹಬ್ಬಿತು. 1963ರಲ್ಲಿ ಸಿದ್ಧಗಂಗಾ ಮಠದ ಆಶ್ರಯದಲ್ಲಿ ತುಮಕೂರಿನಲ್ಲಿಯೂ ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ಹುಟ್ಟಿದವು. ಇಷ್ಟೆಲ್ಲ ಆಗಿಯೂ ಒಂದು ಕೊರತೆ ಉಳಿದಿದೆ. ಪ್ರಸಾದವುಂಡು ಕಲಿತ ಹುಡುಗನು ಪದವಿಪತ್ರವು ಕೈಗೆ ಬಂದೊಡನೆ ಬೆಂಗಳೂರಿನ ಗಾಡಿಯನ್ನು ಹತ್ತುತ್ತಾನೆ. ತಾಯಿತಂದೆಗಳು ಜೋಳದ ಹೊಲದ ಬಳಿಯಲ್ಲಿಯೇ ಉಳಿಯುತ್ತಾರೆ. ಹುಡುಗನನ್ನು ದೂಷಿಸಲಾರೆನು, ಅವನ ವಿದ್ಯೆಗೆ ತಕ್ಕ ಕೆಲಸ ಊರಿನಲ್ಲಿಲ್ಲ. ಆ ಕೆಲಸವನ್ನು ಹುಟ್ಟಿಸುವವರು ಎಲ್ಲಿಂದ ಬರಬೇಕು?

ಇಂಥದೇ ಕೊರತೆಯನ್ನು ಅಮೇರಿಕೆಯ ಪಶ್ಚಿಮ ತೀರದ ಒಂದು ವಿದ್ಯಾಪೀಠವು ಅನುಭವಿಸಿತ್ತು. ಕ್ಯಾಲಿಫೋರ್ನಿಯಾದ ಲೀಲಂಡ್ ಸ್ಟ್ಯಾನ್‌ಫರ್ಡ್ ಮತ್ತು ಜೇನ್ ದಂಪತಿಗಳ ಏಕಮಾತ್ರ ಪುತ್ರನು 1884ರಲ್ಲಿ, ಹದಿನೈದರ ಎಳೆವಯಸ್ಸಿನಲ್ಲಿ, ವಿಷಮಜ್ವರದಿಂದ ತೀರಿಕೊಂಡನು. ಆ ಮಗನ ನೆನಪಿಗೆ ಅವರು ಎಂಟು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ಧಾರೆಯೆರೆದು, 1891ರಲ್ಲಿ ವಿದ್ಯಾಪೀಠವನ್ನು ತೆರೆದರು. ಈ ಭೂಮಿಯನ್ನು ಎಂದೆಂದಿಗೂ ಮಾರಕೂಡದೆಂದು ದಾನಪತ್ರದಲ್ಲಿ ಕಟ್ಟು ಹಾಕಿದರು. ಮಠದ ಮಾನ್ಯದ ಹೊಲಗಳನ್ನು ಬಲ್ಲ ತಮಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯಾಪೀಠವೇನೋ ಬೆಳೆಯಿತು; ಆದರೆ ಅಲ್ಲಿ ವಿದ್ಯುಚ್ಛಾಸ್ತ್ರವನ್ನು ಕಲಿತ ತರುಣರಲ್ಲಿ ಅನೇಕರು ಉದ್ಯೋಗಕ್ಕಾಗಿ ಸಾವಿರಾರು ಮೈಲು ದೂರದ ಪೂರ್ವತೀರಕ್ಕೆ ಹೋಗಬೇಕಾಗುತ್ತಿತ್ತು.

ಇದನ್ನು ಕಂಡು ಮರುಗಿದ ಅಧ್ಯಾಪಕರೊಬ್ಬರು ಫ್ರೆಡರಿಕ್ ಟರ್ಮನ್. ಅವರು ಪೂರ್ವತೀರದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ 1924ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಅಲ್ಲಿಯೇ ಪಾಠ ಹೇಳಲು ಸಿದ್ಧರಾಗಿದ್ದರು. ರಜೆಗೆಂದು ಮನೆಗೆ ಬಂದವರನ್ನು ಕ್ಷಯರೋಗವು ಹಾಸಿಗೆ ಹಿಡಿಸಿತು. ಹೀಗೆ ಸ್ವಂತ ಊರಿನಲ್ಲಿ ಉಳಿದು ರೇಡಿಯೋ ವಿದ್ಯೆಯನ್ನು ಕಲಿಸತೊಡಗಿದರು. ಪುಸ್ತಕದ ಪಾಠದೊಂದಿಗೆ ನಿಲ್ಲದೆ, ವಿದ್ಯಾರ್ಥಿಗಳನ್ನು ಸುತ್ತಲಿನ ಸಣ್ಣ ರೇಡಿಯೋ ಕಾರ್ಖಾನೆಗಳಿಗೆ ಕರೆದೊಯ್ದು, ಹೆಚ್ಚು ಓದದವರು ಕೂಡ ಅವನ್ನು ನಡೆಸುತ್ತಿರುವದನ್ನು ತೋರಿಸುತ್ತಿದ್ದರು. ಇವರಿಂದಾಗುವದು ನಿಮ್ಮಿಂದೇಕಾಗದು ಎಂಬ ಪ್ರಶ್ನೆ ಹುಡುಗರ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತಿತ್ತು.

ಅವರ ಶಿಷ್ಯರಲ್ಲಿ ವಿಲಿಯಂ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಎಂಬಿಬ್ಬರು ಗೆಳೆಯರಿದ್ದರು. ಪ್ಯಾಕರ್ಡನು ಆಗಲೇ ಪೂರ್ವದಲ್ಲಿ ದೊಡ್ಡ ಕಂಪನಿಯ ನೌಕರಿಗೆ ಸೇರಿದ್ದನು. ಗುರುಗಳು ವಿದ್ಯಾರ್ಥಿವೇತನವೊಂದನ್ನು ಗೊತ್ತುಮಾಡಿ ಅವನನ್ನು ಮರಳಿ ಕರೆಸಿದರು. ಹ್ಯೂಲೆಟನು ತನ್ನ ವ್ಯಾಸಂಗಕ್ಕಾಗಿ, ಸ್ಥಿರವಾದ ಧ್ವನಿಕಂಪನಗಳನ್ನು ಹುಟ್ಟಿಸುವ ಒಂದು ಯಂತ್ರವನ್ನು ರಚಿಸಿದ್ದನು. ಅದನ್ನು ಸ್ಥಿರಗೊಳಿಸಿದ್ದು ಕೆಲವೇ ಕಾಸಿನ ಒಂದು ಸಣ್ಣ ವಿದ್ಯುದ್ದೀಪದ ಬುರುಡೆ! 1939ರಲ್ಲಿ 538 ಡಾಲರುಗಳ ಬಂಡವಾಳದಿಂದ, ಪಾಲೋ ಆಲ್ಟೋ ಪಟ್ಟಣದಲ್ಲಿ ಮೋಟಾರು ನಿಲ್ಲಿಸುವ ಒಂದು ಕೊಟ್ಟಿಗೆಯಲ್ಲಿ ಅವರು ಕೆಲಸ ಹೂಡಿದರು. ಅವರ ಮೊದಲ ಗಿರಾಕಿಗಳಲ್ಲಿ ಒಬ್ಬರಾದ ವಾಲ್ಟ್ ಡಿಸ್ನಿಯ ಚಿತ್ರಸಂಸ್ಥೆಯವರು ಅಂಥ ಎಂಟು ಯಂತ್ರಗಳನ್ನು ಕೊಂಡರು. ಮುಂದೆ ಆ ಕೊಟ್ಟಿಗೆಯ ಕಂಪನಿಯು ಜಗದ್ವಿಖ್ಯಾತವಾಯಿತು. 1977ರಲ್ಲಿ ಆ ಶಿಷ್ಯರಿಬ್ಬರ ದಾನದಿಂದ ಅದೇ ವಿದ್ಯಾಪೀಠದಲ್ಲಿ ಗುರುವಿನ ಹೆಸರಿನ ಇಂಜಿನಿಯರಿಂಗ್ ಭವನವು ಎದ್ದಿತು. ನಮ್ಮ ಮಾತಿನಲ್ಲಿ ಇದಕ್ಕೆ ದಾಸೋಹವೆನ್ನದೆ ಬೇರೆ ಏನೆನ್ನುವದು?

ವೇರಿಯನ್ ಎಂಬ ಸೋದರರ ಸಂಗತಿಯು ಇನ್ನೂ ಸ್ವಾರಸ್ಯವಾದುದು. 1937ರಲ್ಲಿ ವಿದ್ಯಾಪೀಠವು ಅವರಿಗೆ ಸಂಬಳವನ್ನೇನೂ ಕೊಡಲಿಲ್ಲ. ಪ್ರಯೋಗಶಾಲೆಯನ್ನು ಬಳಸಲು ಅಪ್ಪಣೆಯಿತ್ತು, ಸಾಮಾನುಗಳಿಗೆಂದು ನೂರು ಡಾಲರು ಕೊಟ್ಟು, ಮುಂದೆ ಬರುವ ಪ್ರತಿಫಲದಲ್ಲಿ ಅರ್ಧ ಪಾಲನ್ನು ಮಾತ್ರ ಕೇಳಿತು. ಅವರು ನಿರ್ಮಿಸಿದ ಕ್ಲೈಸ್ಟ್ರಾನ್ ಎಂಬ ನಳಿಗೆಯು ರೇಡಾರ್ ವಿದ್ಯೆಗೆ ಬಹಳ ಉಪಯೋಗವಾಯಿತು. ಬಾಗಿಲು ತೆರೆದದ್ದೇ ಇಲ್ಲಿ ಮುಖ್ಯ ಬಂಡವಾಳ.

ಯುದ್ಧಾನಂತರ ಟರ್ಮನ್ನರು ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. ಮಾರಬಾರದೆಂದಿದ್ದ ಭೂಮಿಯಲ್ಲಿ ಒಂದು ಭಾಗವನ್ನು 1951ರಿಂದ ಕಾರ್ಖಾನೆಗಳಿಗೆ ದೀರ್ಘಾವಧಿಯ ಗೇಣಿಗೆ ಕೊಡಲಾಯಿತು. ವೇರಿಯನ್ ಸೋದರರ ಕಂಪನಿಯೇ ಮೊದಲ ಗೇಣಿದಾರ. 1954ರಿಂದ ಕಾರ್ಖಾನೆಯ ನೌಕರರು ನೌಕರಿಯಲ್ಲಿದ್ದುಕೊಂಡೇ ಉನ್ನತ ಪದವಿಗೆ ಓದುವ ವ್ಯವಸ್ಥೆಯೂ ಆಯಿತು. ಇನ್ನೊಂದನ್ನು ಮುಚ್ಚಿಡಕೂಡದು: ಆ ಪ್ರಾಂತದ ಏಳಿಗೆಗೆ ಅಮೇರಿಕೆಯ ಸೇನಾ ಇಲಾಖೆಯ ಹಣವು ಧಾರಾಳವಾಗಿ ಒದಗಿತ್ತು. ಆ ದಾರಿ ನಮ್ಮದಲ್ಲ, ಆಗಬೇಕಾಗಿಯೂ ಇಲ್ಲ.

ಹಾಗಾದರೆ ಭೂಮಿ, ಕಟ್ಟಡ, ಹಣ ಇವಿಷ್ಟಿದ್ದರೆ ಸಾಕೇ? ಸಾಲದೆಂಬದಕ್ಕೆ ಸ್ವತಃ ಟರ್ಮನ್ನರ ಅನುಭವವೇ ಸಾಕ್ಷಿ. 1960ರ ದಶಕದಲ್ಲಿ ನ್ಯೂಜೆರ್ಸಿ ಪ್ರಾಂತದವರು ತಮ್ಮಲ್ಲಿಯೂ ಅಂಥದೇ ವಿದ್ಯಾಕೇಂದ್ರವನ್ನು ಕಟ್ಟಬೇಕೆಂದು ಅವರ ಸಲಹೆ ಪಡೆದರು. ಅಲ್ಲಿ ದೊಡ್ಡ ಕಂಪನಿಗಳಿಗೆ ಬರವಿರಲಿಲ್ಲ. ಆದರೆ ಒಬ್ಬರೊಡನೊಬ್ಬರು ಕೂಡಿ ದುಡಿಯಲು ಅವು ಒಡಂಬಡಲಿಲ್ಲ. ಕಾರ್ಯವು ಕೈಗೂಡದೆ ಹೋಯಿತು. ಅದಕ್ಕೆ ಪ್ರತಿಯಾಗಿ, 1970ರಲ್ಲಿ ಅವರ ನೇತೃತ್ವದ ಮಂಡಲಿಯು ದಕ್ಷಿಣ ಕೊರಿಯಾಕ್ಕೆ ಕೊಟ್ಟ ಸಲಹೆಯಂತೆ ಮರುವರ್ಷವೇ ಅಲ್ಲಿ ಉನ್ನತ ವಿಜ್ಞಾನ ವಿದ್ಯಾಲಯವು ಹುಟ್ಟಿ ನೆಲೆಯೂರಿತು.

ನಮ್ಮ ನಾಡಿನಲ್ಲಿ ಏನೂ ಆಗಿಲ್ಲವೆಂದು ತಿಳಿಯಬಾರದು. 2000ದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ಜೀವವಿಜ್ಞಾನಕ್ಕೆ ಗಣಕವಿದ್ಯೆಯನ್ನು ಹೊಂದಿಸುವ ಸ್ಟ್ರ್ಯಾಂಡ್ ಎಂಬ ಕಂಪನಿಯನ್ನು ಕಟ್ಟಿದರು. ಮೈಸೂರಿನಲ್ಲಿ ಸುತ್ತೂರು ಮಠದ ಇಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿಯೇ ಹೊಸ ಉದ್ಯಮಿಗಳಿಗೆ ಆಶ್ರಯ ಕೊಡುವ ಸ್ಟೆಪ್ ಎಂಬ ಕೇಂದ್ರವಿದೆ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನದವರು ಇದೇ ಉದ್ದೇಶದಿಂದ ದುಡಿಯುತ್ತಿದ್ದಾರೆ. ಆದರೂ ನವೋದ್ಯಮ ಕೇಂದ್ರವೆಂಬ ಫಲಕವನ್ನು ತೂಗಹಾಕಿ, ಉದ್ಘಾಟನೆಯ ಛಾಯಾಚಿತ್ರವನ್ನು ತೆಗೆಸಿ, ಬೀಗ ಜಡಿದ ಕೋಣೆಗಳನ್ನು ನಾನು ಕೆಲವು ಕಡೆ ಕಂಡಿದ್ದೇನೆ. ಶಿಷ್ಯನೊಬ್ಬನ ಹೆಸರು ಹಿಡಿದು ಕರೆದು, ನಿನ್ನ ಈ ಯಂತ್ರವನ್ನು ಮಾರಿ ನೋಡು ಎನ್ನುವ ಅಧ್ಯಾಪಕನಿಲ್ಲದಲ್ಲಿ ಕೋಣೆಯೇನು ಮಾಡೀತು? ಆ ಅಧ್ಯಾಪಕನಿಗಾದರೂ ಪಾಠದ ಹೊರೆಯಿಂದ ಬಿಡುವು ಬೇಡವೇ?

ಇಲ್ಲಿ ನೆರೆದಿರುವ ವರ್ತಕ ಬಂಧುಗಳಲ್ಲಿಯೂ ಒಂದು ಮಾತನ್ನು ಅರಿಕೆಮಾಡಿಕೊಳ್ಳಬೇಕಾಗಿದೆ. ನಮ್ಮಲ್ಲಿ ನೌಕರಿಯಿದ್ದವನಿಗೆ ಹೆಣ್ಣು ಕೊಡುತ್ತಾರೆ. ಹೂಡಿದ ಉದ್ಯಮವು ಮುಳುಗಿದವನನ್ನು ದಿವಾಳಿಕೋರನೆಂದು ಬೀಗರು ದೂರವಿಡುತ್ತಾರೆ. ಹೊಸ ಉದ್ಯಮಗಳಲ್ಲಿ ಮುಳುಗುವವೇ ಹೆಚ್ಚು. ಮುಳುಗಿದವನು ಕಲಿತ ಪಾಠವು ಸಮುದಾಯದ ಆಸ್ತಿಯಾಗಬೇಕಾದರೆ ಅವನು ತಲೆಯೆತ್ತಿ ತಿರುಗಿ ಬರುವಂತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 1957ರಲ್ಲಿ ಎಂಟು ಜನ ತರುಣರು ಒಡೆಯನನ್ನು ಬಿಟ್ಟು ಹೊರಟು ಬೇರೆ ಕಂಪನಿಯನ್ನು ಕಟ್ಟಿದಾಗ ಅಲ್ಲಿಯ ಕಾಯಿದೆಯು ಅವರನ್ನು ತಡೆಯಲಿಲ್ಲ. ಬಿಟ್ಟುಹೋದವರ ಕೈಯಿಂದಲೇ ಆ ನಾಡು ಬೆಳೆಯಿತು.

ಪೂಜ್ಯರ ಸನ್ನಿಧಿಯಲ್ಲಿ ನನ್ನ ಬಿನ್ನಹವು ಇಷ್ಟೇ. ಶ್ರೀಮಠದ ಕಾಲೇಜಿನ ಕಾರ್ಯಶಾಲೆಯ ಬಾಗಿಲು ಸಂಜೆಯ ನಂತರವೂ ತೆರೆದಿರಲಿ. ಊರಿನ ಎಣ್ಣೆಗಾಣದವರೂ ನೇಕಾರರೂ ರೈತರೂ ತಮ್ಮ ತೊಡಕುಗಳನ್ನು ತಂದು ಅಲ್ಲಿಯ ಹುಡುಗರ ಮುಂದೆ ಇಡಲಿ. ಮೊದಲ ಇಬ್ಬರು ಮೂವರಿಗೆ ಸಾಮಾನುಗಳ ವೆಚ್ಚವನ್ನು ಹಳೆಯ ಪ್ರಸಾದನಿಲಯದ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ. ಬೆಂಗಳೂರಿನಿಂದ ಬಂದು ಈ ಸಭೆಯಲ್ಲಿ ಕುಳಿತಿರುವ ಅಂಥವರ ಸಂಖ್ಯೆ ಕಡಿಮೆಯಿಲ್ಲ. ಪ್ರಸಾದಕ್ಕೆ ಏಳುವ ಮೊದಲು ಅವರು ಪ್ರಾಚಾರ್ಯರನ್ನು ಕಂಡು ಹೋಗಬೇಕಾಗಿ ಕೋರುತ್ತೇನೆ.